ನರಸಿಂಹನ ಮೊಣಕಾಲಿನ ಪಟ್ಟಿ

"ಮೇಡಂ, ಬೇಜಾರು ಮಾಡ್ಕೋಬೇಡಿ. ನೀವು ಮೊದಲು ಒಂದು ಹತ್ತು ಕೆ.ಜಿ. ಇಳಿಸ್ಕೊಂಡು ಬನ್ನಿ, ಆಮೇಲೆ ಆಸನ ಎಲ್ಲ ಸಲೀಸಾಗಿ ಬರತ್ತೆ."

ಮೈಸೂರಿನ ಒಂದು ಯೋಗ ತರಗತಿಗೆ ಸೇರಿದ ಮೂರನೆಯ ದಿನ ನನಗೆ ಸಿಕ್ಕ ಸಲಹೆ ಇದು. ಹೇಳಿದವನು ಇಪ್ಪತ್ತಾರು ಇಪ್ಪತ್ತೇಳರ ಹುಡುಗ, ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸಿನವನು. ಒರಟಾಗಿ ಹೇಳಲಿಲ್ಲ, ಕಣ್ಣು ತಪ್ಪಿಸಿ, ಸಂಕೋಚಪಟ್ಟುಕೊಂಡೇ ಹೇಳಿದ. ಆಗ ನನಗೆ 49 ವರ್ಷ, ತೂಕ 94 ಕೆ.ಜಿ. ಅದಕ್ಕೂ ಹದಿನೈದು ದಿನ ಮೊದಲು ಡಾಕ್ಟರು ನನ್ನ ತೋಳಿನಿಂದ ಬಿ.ಪಿ. ಪಟ್ಟಿ ಬಿಚ್ಚುತ್ತ, "ತೂಕ ಇಳಿಸಬೇಕು, ಎಲ್ಲಾದರೂ ಯೋಗಕ್ಕೆ ಸೇರಿಕೊಳ್ಳಿ" ಅಂದಿದ್ದರು. ತೂಕ ಇಳಿಸಲು ಯೋಗಕ್ಕೆ ಹೋಗಬೇಕು, ಯೋಗಕ್ಕೆ ಹೋಗಲು ತೂಕ ಇಳಿಸಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಅಂತ ನಮ್ಮಜ್ಜಿ ಹೇಳುತ್ತಿದ್ದುದು ಇಂಥದ್ದಕ್ಕೇ ಇರಬೇಕು.

ಮನೆಗೆ ಬಂದು ಆ ಹುಡುಗನ ಮೇಲೆ ಸಿಟ್ಟು ಮಾಡಿಕೊಂಡೆ. ನಾಲ್ಕು ದಿನದಲ್ಲಿ ಸಿಟ್ಟು ಇಳಿಯಿತು, ತೂಕ ಇಳಿಯಲಿಲ್ಲ. ಆದರೆ ತಲೆಯಲ್ಲಿ ಒಂದು ಪ್ರಶ್ನೆ ಕೂತುಬಿಟ್ಟಿತು. ಆ ಹುಡುಗನಿಗೆ ಹಾಗೆ ಹೇಳಿಕೊಟ್ಟವರು ಯಾರು? ದಪ್ಪ ಮೈ ಮೊದಲು ತೆಳ್ಳಗಾಗಿ, ಅರ್ಹತೆ ಗಳಿಸಿಕೊಂಡು, ಆಮೇಲೆ ಯೋಗದ ಹೊಸಿಲು ದಾಟಬೇಕು ಎಂಬ ನಂಬಿಕೆ ಎಲ್ಲಿಂದ ಬಂತು? ನಾನು ಇತಿಹಾಸ ಪಾಠ ಮಾಡುವವಳು. ಯಾವುದೇ ಪದ್ಧತಿಯನ್ನು 'ಮೊದಲಿನಿಂದಲೂ ಹೀಗೇ' ಅಂದರೆ, ಯಾವ ಇಸವಿಯಿಂದ ಎಂದು ಕೇಳುವುದು ನನ್ನ ಕಸುಬು.

ಇಸವಿ ಸಿಗುತ್ತದೆ. ಊರೂ ನಮ್ಮದೇ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲೊಂದು ಯೋಗಶಾಲೆ ತೆರೆಯಿತು. ನಡೆಸಿದವರು ತಿರುಮಲೈ ಕೃಷ್ಣಮಾಚಾರ್ಯರು. ಹುಟ್ಟಿದ್ದು ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ. 'ಯೋಗ ಮಕರಂದ' ಎಂಬ ಪುಸ್ತಕವನ್ನು 1934ರಲ್ಲಿ ಕನ್ನಡದಲ್ಲೇ ಪ್ರಕಟಿಸಿದವರು. ಕೋಲಾರ ಸೀಮೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್, ಹಾಸನದ ಬಳಿಯ ಕೌಶಿಕದ ಪಟ್ಟಾಭಿ ಜೋಯಿಸ್ ಇಬ್ಬರೂ ಅವರ ಶಿಷ್ಯರು. ಇವತ್ತು ನ್ಯೂಯಾರ್ಕಿನಲ್ಲಾಗಲಿ ಟೋಕಿಯೊದಲ್ಲಾಗಲಿ ಚಾಪೆ ಹಾಸಿ ಮಾಡುವ ಯೋಗದ ದೊಡ್ಡ ಪಾಲು ಈ ಮೂವರ ಮೂಲಕ ಹೋದದ್ದು. ಈ ಹೆಮ್ಮೆಯ ಮಾತನ್ನು ಮೈಸೂರಿನಲ್ಲಿ ಎಲ್ಲರೂ ಹೇಳುತ್ತಾರೆ. ಆ ಯೋಗಶಾಲೆಯಲ್ಲಿ ಕಲಿಯುತ್ತಿದ್ದವರು ಯಾರು ಎಂದು ಮಾತ್ರ ಕೇಳುವವರು ಕಡಿಮೆ.

ಕಲಿಯುತ್ತಿದ್ದವರು ಹುಡುಗರು. ಹೆಚ್ಚಿನವರು ಅರಸು ಮನೆತನಗಳ, ಅರಮನೆಯ ನಂಟಿನ, ಮೀಸೆ ಚಿಗುರುವ ವಯಸ್ಸಿನ ಹುಡುಗರು. ಅವರಿಗೆ ಬೇಕಾದದ್ದು ಓಟ, ನೆಗೆತ, ಬಾಗು, ಬೆವರು. ಒಂದು ಆಸನದಿಂದ ಇನ್ನೊಂದಕ್ಕೆ ಉಸಿರಿನ ಲೆಕ್ಕದಲ್ಲಿ ಹಾರುವ ಕ್ರಮ ಅಂಥ ಮೈಗಳಿಗೆ ಹೇಳಿಮಾಡಿಸಿದ್ದು. ಜೊತೆಗೆ ಮಹಾರಾಜರಿಗೆ ಯೋಗವನ್ನು ಊರೂರಿಗೆ ತೋರಿಸುವ ಆಸೆಯಿತ್ತು, ಹೀಗಾಗಿ ಪ್ರದರ್ಶನಗಳೂ ನಡೆದವು. 1938ರಲ್ಲಿ ತೆಗೆದ ಒಂದು ಮೂಕಿ ಫಿಲಂ ಈಗಲೂ ನೋಡಲು ಸಿಗುತ್ತದೆ. ಅದರಲ್ಲಿ ಹತ್ತೊಂಬತ್ತರ ಅಯ್ಯಂಗಾರ್ ಎಲುಬಿಲ್ಲದವರ ಹಾಗೆ ಮಡಚಿಕೊಳ್ಳುತ್ತಾರೆ. ನೋಡಿದವರು ಬೆರಗಾಗಲಿ ಎಂದೇ ತೆಗೆದ ಚಿತ್ರ, ನಾನೂ ಬೆರಗಾದೆ. ಆದರೆ ಆ ಬೆರಗು ಅಳತೆಗೋಲಾಗಿ ನಿಂತುಬಿಟ್ಟಿತು. ತೊಂಬತ್ತು ವರ್ಷಗಳ ಹಿಂದೆ ಹದಿಹರೆಯದ ಹುಡುಗರಿಗೆಂದು ಹೊಲಿದ ಅಂಗಿ ಅದು. ಅದನ್ನೀಗ ಥೈರಾಯ್ಡ್ ಮಾತ್ರೆ ನುಂಗುವ, ಎರಡು ಹೆತ್ತ, ಮೊಣಕಾಲು ಸವೆದ ಹೆಂಗಸಿಗೆ ತೊಡಿಸಲು ಹೋಗಿ, ಹಿಡಿಯದಿದ್ದಾಗ ತಪ್ಪು ಮೈಯದು ಅನ್ನುತ್ತಿದ್ದೇವೆ.

ಕೃಷ್ಣಮಾಚಾರ್ಯರು ಅಲ್ಲಿಗೇ ನಿಲ್ಲಲಿಲ್ಲ ಎಂಬುದನ್ನೂ ಹೇಳಬೇಕು. 1950ರಲ್ಲಿ ಯೋಗಶಾಲೆ ಮುಚ್ಚಿತು, ಅವರು ಮದರಾಸಿಗೆ ಹೋದರು. ಅಲ್ಲಿ ಬಾಗಿಲಿಗೆ ಬಂದವರು ರೋಗಿಗಳು, ವಯಸ್ಸಾದವರು, ಕೆಲಸದ ಮಧ್ಯೆ ಬಿಡುವು ಮಾಡಿಕೊಂಡು ಬರುವ ಸಂಸಾರಸ್ಥರು. ಅವರಿಗೆ ಒಬ್ಬೊಬ್ಬರಂತೆ ಕೂರಿಸಿಕೊಂಡು, ಅವರವರ ಮೈಗೆ ತಕ್ಕಂತೆ ಆಸನವನ್ನು ತಿದ್ದಿ ಕಲಿಸಿದರು. ಅದೇ ಗುರು, ಎದುರಿಗಿದ್ದ ಮೈ ಬೇರೆಯಾದಾಗ ಪಾಠವನ್ನೇ ಬದಲಿಸಿದರು. ನಮ್ಮ ಕಣ್ಣಲ್ಲಿ ಉಳಿದಿರುವುದು ಮಾತ್ರ ಫಿಲಂನಲ್ಲಿರುವ ಮೊದಲಿನ ಪಾಠ.

ಶಾಸ್ತ್ರದಲ್ಲಿ ಏನಿದೆ ನೋಡೋಣ ಅಂತ ಹೊರಟೆ. ಅಲ್ಲಿ ದಪ್ಪ ಮೈಯವರಿಗೆ ಸಮಾಧಾನ ಸಿಗುತ್ತದೆಂದು ನಾನು ಹೇಳಿದರೆ ಅರ್ಧ ಸುಳ್ಳಾದೀತು. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯದ ಹೆಸರೇ ಅಷ್ಟೌನಿಂದಿತೀಯ, ಎಂಟು ಬಗೆಯ ನಿಂದಿತರ ಅಧ್ಯಾಯ. ಅತಿ ಉದ್ದ, ಅತಿ ಗಿಡ್ಡ, ಅತಿ ಕಪ್ಪು, ಅತಿ ಬಿಳುಪು, ಮೈತುಂಬ ಕೂದಲಿನವರು, ಕೂದಲೇ ಇಲ್ಲದವರು, ಇವರ ಜೊತೆಗೆ ಅತಿ ದಪ್ಪ, ಅತಿ ಸಣಕಲು. ಈ ಕೊನೆಯ ಇಬ್ಬರಲ್ಲಿ ಯಾರು ವಾಸಿ ಎಂದರೆ ಸಣಕಲೇ ವಾಸಿ ಎನ್ನುತ್ತಾನೆ ಚರಕ. ದಪ್ಪಗಿರುವವರ ಬೆವರು, ವಾಸನೆ, ಹಸಿವು, ಆಯಸ್ಸು ಎಲ್ಲದರ ಮೇಲೂ ಅವನ ಕಣ್ಣಿದೆ. ನಮ್ಮ ಕಡೆ ಮದುವೆ ಮನೆಯಲ್ಲಿ ದೂರದ ಅತ್ತೆಯೊಬ್ಬರು "ಏನೇ ಹೀಗೆ ಊದ್ಕೊಂಡಿದೀಯ" ಅನ್ನುವುದಕ್ಕೆ ಎರಡು ಸಾವಿರ ವರ್ಷದ ಪರಂಪರೆಯಿದೆ ಅಂತಾಯಿತು.

ಹಠಯೋಗ ಪ್ರದೀಪಿಕೆಯಲ್ಲಿ ವಿಷಯ ಇನ್ನೂ ಕುತೂಹಲದ್ದು. ಹದಿನೈದನೆಯ ಶತಮಾನದ ಈ ಗ್ರಂಥದಲ್ಲಿ ಸ್ವಾತ್ಮಾರಾಮ ಹೇಳುವ ಆಸನಗಳು ಒಟ್ಟು 15. ಅವುಗಳಲ್ಲಿ ನಿಂತು ಮಾಡುವಂಥದ್ದು ಒಂದೂ ಇಲ್ಲ. ಹೆಚ್ಚಿನವು ಕೂತು ಮಾಡುವಂಥವು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ 'ಶ್ರೀತತ್ತ್ವನಿಧಿ'ಗೆ ಬರುವ ಹೊತ್ತಿಗೆ ಆಸನಗಳು 122 ಆದವು, 1966ರಲ್ಲಿ ಬಂದ ಅಯ್ಯಂಗಾರರ 'ಲೈಟ್ ಆನ್ ಯೋಗ'ದಲ್ಲಿ ಸುಮಾರು 200. ಪ್ರದೀಪಿಕೆ ಇನ್ನೊಂದು ಮಾತನ್ನೂ ಹೇಳುತ್ತದೆ: ಎಳೆಯರು, ಮುದುಕರು, ಹಣ್ಣು ಮುದುಕರು, ರೋಗಿಗಳು, ದುರ್ಬಲರು, ಯಾರೇ ಆಗಲಿ ಬಿಡದೆ ಅಭ್ಯಾಸ ಮಾಡಿದರೆ ಫಲ ಸಿಗುತ್ತದೆ. ಆದರೆ ಮುಂದೆ ಅದೇ ಪುಸ್ತಕ ಹಠಯೋಗ ಸಿದ್ಧಿಸಿದ್ದರ ಗುರುತುಗಳನ್ನು ಎಣಿಸುವಾಗ ಮೊದಲು ಹೇಳುವುದು ಮೈ ಕೃಶವಾಗುವುದನ್ನೇ. ಕೊಬ್ಬು, ಕಫ ಹೆಚ್ಚಿರುವವರು ಮೊದಲು ನೇತಿ, ಧೌತಿ, ಕಪಾಲಭಾತಿ ಮೊದಲಾದ ಆರು ಶುದ್ಧಿಕ್ರಿಯೆಗಳನ್ನು ಮಾಡಿಕೊಳ್ಳಬೇಕು ಎಂಬ ಮಾತೂ ಇದೆ.

ಹಾಗಾದರೆ ಆ ಹುಡುಗ ಹೇಳಿದ್ದೇ ಸರಿಯಾಯಿತಲ್ಲ, ಮೊದಲು ಇಳಿಸಿಕೊಂಡು ಬನ್ನಿ ಅಂತ ತಾನೆ ಶಾಸ್ತ್ರ ಹೇಳಿದ್ದು? ಅಲ್ಲ. ಆ ಮಾತು ಬರುವುದು ಎರಡನೆಯ ಅಧ್ಯಾಯದಲ್ಲಿ, ಪ್ರಾಣಾಯಾಮದ ಪ್ರಸ್ತಾಪದಲ್ಲಿ. ಅಷ್ಟು ಹೊತ್ತಿಗೆ ಆಸನದ ಅಧ್ಯಾಯ ಮುಗಿದಿದೆ. ಆಸನವೇ ಹಠಯೋಗದ ಮೊದಲ ಮೆಟ್ಟಿಲು ಎಂದು ಗ್ರಂಥ ನೇರವಾಗಿ ಹೇಳುತ್ತದೆ, ಆ ಮೆಟ್ಟಿಲಿನ ಮುಂದೆ ತಕ್ಕಡಿ ಇಟ್ಟಿಲ್ಲ. ಇನ್ನು ಪತಂಜಲಿಯ ಯೋಗಸೂತ್ರಗಳಲ್ಲಿ ಆಸನಕ್ಕೆ ಮೀಸಲಾದದ್ದು ಮೂರೇ ಸೂತ್ರ. ಅವನು ಕೇಳುವ ಗುಣ ಎರಡು, ಸ್ಥಿರವಾಗಿರಬೇಕು, ಸುಖವಾಗಿರಬೇಕು. ಕಾಲ್ಬೆರಳು ಮುಟ್ಟಬೇಕೆಂದು ಅವನೆಲ್ಲೂ ಹೇಳಿಲ್ಲ.

ಇಷ್ಟೆಲ್ಲ ಓದಿದರೂ ನನಗೆ ನಿಜವಾದ ಉತ್ತರ ಸಿಕ್ಕಿದ್ದು ಪುಸ್ತಕದಲ್ಲಲ್ಲ, ಹಂಪಿಯಲ್ಲಿ. ದ್ವಿತೀಯ ವರ್ಷದ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದೆವು. ಎಲ್ಲರೂ ಉಗ್ರನರಸಿಂಹ ಅನ್ನುವ, ನಿಜದಲ್ಲಿ ಲಕ್ಷ್ಮೀನರಸಿಂಹನಾಗಿದ್ದ, 1528ರಲ್ಲಿ ಕೃಷ್ಣದೇವರಾಯ ಮಾಡಿಸಿದ 6.7 ಮೀಟರ್ ಎತ್ತರದ ಏಕಶಿಲಾ ಮೂರ್ತಿಯ ಮುಂದೆ ನಿಂತು ನಾನು ಎಂದಿನಂತೆ ಹೇಳುತ್ತಿದ್ದೆ: ತೊಡೆಯ ಮೇಲಿದ್ದ ಲಕ್ಷ್ಮಿಯನ್ನು ಒಡೆದರು, ಬೆನ್ನ ಹಿಂದೆ ಅವಳ ಕೈ ಮಾತ್ರ ಉಳಿದಿದೆ, ಇತ್ಯಾದಿ. ಹಿಂದಿನಿಂದ ಒಂದು ಹುಡುಗಿ, "ಮ್ಯಾಮ್, ಅವನ ಕಾಲಿಗೆ ಬೆಲ್ಟ್ ಯಾಕೆ ಹಾಕಿದಾರೆ?" ಅಂದಳು. ಉಳಿದವರು ನಕ್ಕರು.

ಇಪ್ಪತ್ತು ವರ್ಷದಿಂದ ಆ ಮೂರ್ತಿಯ ಮುಂದೆ ಪಾಠ ಹೇಳಿದ್ದೇನೆ. "ಅದು ಯೋಗಪಟ್ಟ" ಅಂತ ಪ್ರತಿ ಸಲವೂ ಹೇಳಿ ಮುಂದಕ್ಕೆ ಹೋಗಿದ್ದೇನೆ. ಅವತ್ತು ಮಾತ್ರ ಅಲ್ಲೇ ನಿಂತೆ. ಮೊಣಕಾಲುಗಳನ್ನು ಸುತ್ತಿ ಹಿಡಿದಿರುವ ಪಟ್ಟಿ. ಈಗ ಎದ್ದು ಕಾಣುವುದು ಜೀರ್ಣೋದ್ಧಾರದಲ್ಲಿ ಮತ್ತೆ ಕೂರಿಸಿದ ಕಲ್ಲು, ಆದರೆ ಶಿಲ್ಪಿಯ ಕಲ್ಪನೆ ಹಳೆಯದು. ಮೇಲುಕೋಟೆಯ ಬೆಟ್ಟದ ಮೇಲಿನ ಯೋಗನರಸಿಂಹನಿಗೂ ಅದೇ ಪಟ್ಟಿ. ಶಬರಿಮಲೆಯ ಅಯ್ಯಪ್ಪನ ಪಟ ಯಾರ ಮನೆಯಲ್ಲಿದೆಯೋ ನೋಡಿ, ಅವನ ಮೊಣಕಾಲಿಗೂ ಅದೇ ಪಟ್ಟಿ. ಹೆಚ್ಚು ಹೊತ್ತು ಕದಲದೆ ಕೂರಬೇಕಾದ ಮೈಗೆ ಆಧಾರ ಬೇಕು ಎಂಬುದು ಕಲ್ಲು ಕೆತ್ತುವವನಿಗೆ ಗೊತ್ತಿತ್ತು. ಕಂಬದಿಂದ ಸಿಡಿದು ಬಂದ ದೇವರೇ ಪಟ್ಟಿ ಕಟ್ಟಿಕೊಂಡು ಕೂತಿದ್ದಾನೆ. ಆಧಾರ ಹಿಡಿದು ಕೂತರೆ ಮರ್ಯಾದೆಗೇಡು ಎಂದು ನಾವು ಯಾವಾಗ ತೀರ್ಮಾನ ಮಾಡಿದೆವು?

ಅಲ್ಲಿಂದ ನಾಲ್ಕು ಹೆಜ್ಜೆ ಆಚೆ ಹೋದರೆ ಸಾಸಿವೆಕಾಳು, ಕಡಲೆಕಾಳು ಗಣಪತಿಯರಿದ್ದಾರೆ. ಡೊಳ್ಳು ಹೊಟ್ಟೆಯವನನ್ನು ಕೂರಿಸುವ ಕ್ರಮ ಅಲ್ಲಿ ಕಲಿಯಬೇಕು. ಯಾವ ಶಿಲ್ಪಿಯೂ ಗಣಪತಿಯ ಕಾಲನ್ನು ಬಿಗಿದು ಹೊಟ್ಟೆಗೆ ಒತ್ತಿಸಿಲ್ಲ. ತೊಡೆ ಅಗಲಿಸಿ ಹೊಟ್ಟೆಗೆ ಜಾಗ ಮಾಡಿಕೊಟ್ಟಿದ್ದಾನೆ. ಪೂಜೆ ಮಾಡುವಾಗ ನಮಗೆ ಅದು ಚೆಂದ. ಅದೇ ಹೊಟ್ಟೆ ಯೋಗದ ಚಾಪೆಗೆ ಬಂದರೆ ಸಮಸ್ಯೆ.

ಪಟ್ಟಿ, ಹಗ್ಗ, ಮರದ ಇಟ್ಟಿಗೆ, ಕುರ್ಚಿ ಇವನ್ನು ಆಸನಕ್ಕೆ ಬಳಸುವುದನ್ನು ಒಂದು ಶಾಸ್ತ್ರವಾಗಿಯೇ ಬೆಳೆಸಿದವರು ಅದೇ ಅಯ್ಯಂಗಾರರು. ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲ ಹಾಯ್ದು ಬಂದ ಕೃಶ ಹುಡುಗನಾಗಿ ಭಾವ ಕೃಷ್ಣಮಾಚಾರ್ಯರ ಬಳಿ ಸೇರಿದವರು ಅವರು. ಒಗ್ಗದ ಮೈ ಎಂದರೇನು ಎಂಬುದು ಅವರಿಗೆ ಓದಿ ತಿಳಿದದ್ದಲ್ಲ. ಪುಣೆಗೆ ಹೋದ ಮೇಲೆ ಬಂದವರ ಮೈಯನ್ನು ನೋಡಿ ಸಾಮಾನು ಹುಡುಕಿದರು. ನಮ್ಮೂರಿನ ತರಗತಿಗಳಲ್ಲಿ ಇವತ್ತಿಗೂ ಆ ಸಾಮಾನನ್ನು ಕಂಡರೆ, "ಅದು ಆಗದೇ ಇರೋರಿಗೆ" ಅನ್ನುವ ಧಾಟಿ ಇದೆ. ಕನ್ನಡಕ ಹಾಕಿಕೊಂಡು ಓದುವವರನ್ನು ನಾವು ಓದಲು ಬಾರದವರು ಅನ್ನುವುದಿಲ್ಲ.

ಎರಡನೆಯ ಗುರು ಸಿಕ್ಕಿದ್ದು ನಮ್ಮ ಬಡಾವಣೆಯಲ್ಲೇ. ಸರ್ಕಾರಿ ಶಾಲೆಯಲ್ಲಿ ಆಟದ ಟೀಚರಾಗಿದ್ದು ನಿವೃತ್ತರಾದವರು, ಬೆಳಿಗ್ಗೆ ಆರೂವರೆಗೆ ಸಮುದಾಯ ಭವನದಲ್ಲಿ ಒಂದಷ್ಟು ಹೆಂಗಸರನ್ನು ಸೇರಿಸಿಕೊಂಡು ಕಲಿಸುತ್ತಾರೆ. ಎಲ್ಲರೂ ಟೀಚರಮ್ಮ ಅನ್ನುತ್ತಾರೆ. ಮೊದಲ ದಿನ ಅವರು ನನ್ನ ತೂಕ ಕೇಳಲಿಲ್ಲ. "ನೆಲದ ಮೇಲೆ ಕೂತ್ರೆ ಯಾವ ಕೈ ಊರಿ ಏಳ್ತೀರಮ್ಮ?" ಅಂದರು. ಬಲಗೈ ಅಂದೆ. "ಹಾಗಾದ್ರೆ ಎಡ ಮೊಣಕಾಲು ನೋವು, ಅಲ್ವಾ?" ಹೌದು. ಬಿ.ಪಿ., ಸಕ್ಕರೆ, ಕಣ್ಣು, ಹರ್ನಿಯಾ ಅಂತ ಒಂದೊಂದೇ ಕೇಳಿ ನೋಟ್ ಬುಕ್ಕಿನಲ್ಲಿ ಬರೆದುಕೊಂಡರು. ಆಮೇಲೆ ಮೂಲೆಯಿಂದ ಊಟದ ಮಣೆಯೊಂದನ್ನು ತಂದು, ಅದರ ಮೇಲೆ ಜಮಖಾನ ಮಡಿಸಿ ಹಾಕಿ, ಅದರಂಚಿಗೆ ಕೂರಿಸಿದರು.

ಆ ಮಣೆ ಮಾಡಿದ ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇಡೀ ವಾದ ಅದರ ಮೇಲೇ ನಿಂತಿದೆ. ತೊಡೆ ದಪ್ಪಗಿರುವವರು ಬರಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿದರೆ ಮೊಣಕಾಲು ಸೊಂಟಕ್ಕಿಂತ ಮೇಲೆ ನಿಲ್ಲುತ್ತದೆ. ಆಗ ಸೊಂಟ ಹಿಂದಕ್ಕೆ ಉರುಳುತ್ತದೆ, ಬೆನ್ನು ಗೂನಾಗುತ್ತದೆ, ಹೊಟ್ಟೆ ಮೇಲಕ್ಕೆ ಒತ್ತಿ ವಪೆಗೆ ಇಳಿಯಲು ಜಾಗವಿಲ್ಲದೆ ಉಸಿರು ಗಂಟಲಲ್ಲೇ ಆಡುತ್ತದೆ. ಶಿಕ್ಷಕರು ದೂರದಿಂದ "ಬೆನ್ನು ನೇರ, ದೀರ್ಘ ಉಸಿರು" ಅನ್ನುತ್ತಿರುತ್ತಾರೆ. ನೇರ ಮಾಡಲು ಹೋದರೆ ಎರಡೇ ನಿಮಿಷದಲ್ಲಿ ಸೊಂಟ ಹಿಡಿದುಕೊಳ್ಳುತ್ತದೆ. ಕೂರುವ ಜಾಗವನ್ನು ನಾಲ್ಕೈದು ಇಂಚು ಎತ್ತರಿಸಿದರೆ ಸೊಂಟ ಮುಂದಕ್ಕೆ ವಾಲುತ್ತದೆ, ಬೆನ್ನು ತಾನಾಗಿ ಎದ್ದು ನಿಲ್ಲುತ್ತದೆ, ಉಸಿರು ಕೆಳಗಿಳಿಯುತ್ತದೆ. ನಾಲ್ಕಿಂಚಿನ ಮಣೆಯಿಂದ ಒಂದು ನಿಮಿಷದಲ್ಲಿ ಆದ ಕೆಲಸಕ್ಕೆ ಹತ್ತು ಕೆ.ಜಿ. ಇಳಿಸಿಕೊಂಡು ಬರಲು ಹೇಳಿದ್ದರು.

ಪಶ್ಚಿಮೋತ್ತಾನಾಸನದ ದಿನ ಒಂದು ಹಳೆಯ ಪಂಚೆಯನ್ನು ಅಂಗಾಲಿಗೆ ಸುತ್ತಿ ಎರಡು ತುದಿಗಳನ್ನು ನನ್ನ ಕೈಗೆ ಕೊಟ್ಟರು. ಕಾಲು ಅಗಲಿಸಿ, ಮೊಣಕಾಲು ಬೇಕಾದಷ್ಟು ಮಡಿಸಿ. "ಈಗ ಹೊಟ್ಟೆನ ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆತ್ತಿ ತೊಡೆ ಮಧ್ಯೆ ಕೂರಿಸ್ಕೊಳ್ಳಿ, ಆಮೇಲೆ ಬಗ್ಗಿ. ನಾಚಿಕೆ ಎಂಥದ್ದು, ನಿಮ್ಮದೇ ತಾನೆ?" ಸುತ್ತಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ನಲವತ್ತೊಂಬತ್ತು ವರ್ಷದಲ್ಲಿ ಯಾರೂ ನನ್ನ ಹೊಟ್ಟೆಯ ಬಗ್ಗೆ ಅಷ್ಟು ಉಪಯುಕ್ತವಾದ ಮಾತು ಆಡಿರಲಿಲ್ಲ. ಅಲ್ಲಿಯವರೆಗೆ ಅದನ್ನು ಒಳಗೆಳೆದುಕೊಳ್ಳಿ, ಮುಚ್ಚಿಕೊಳ್ಳಿ, ಕರಗಿಸಿ ಅಂತಷ್ಟೇ ಕೇಳಿದ್ದೆ. ಅದಕ್ಕೊಂದು ಜಾಗ ಮಾಡಿ ಅಂದವರು ಇವರೊಬ್ಬರೇ.

ಸೂರ್ಯನಮಸ್ಕಾರಕ್ಕೆ ಕುರ್ಚಿ. ಅದರ ಸೀಟಿನ ಮೇಲೆ ಕೈ ಊರಿ, ಒಂದೊಂದೇ ಕಾಲು ಹಿಂದಕ್ಕೆ. ಮಣಿಕಟ್ಟಿನ ಮೇಲೆ ಅಷ್ಟೂ ಭಾರ ಬೀಳುವುದಿಲ್ಲ. ಕುರ್ಚಿ ಗೋಡೆಗೆ ತಾಗಿರಬೇಕು, ಪ್ಲಾಸ್ಟಿಕ್ಕಿನದಾದರೆ ಜಾರುತ್ತದೆ. ಕೂತು ಮಾಡುವ ಆಸನಕ್ಕೆ ಕೈಯಿಲ್ಲದ ಕುರ್ಚಿಯೇ ಆಗಬೇಕು. ಕೈಯಿರುವ ಕುರ್ಚಿಯಲ್ಲಿ ಸೊಂಟ ಸಿಕ್ಕಿಕೊಂಡು, ಏಳುವಾಗ ಕುರ್ಚಿಯೂ ಜೊತೆಗೆ ಎದ್ದು ಬಂದ ಅನುಭವ ನನ್ನ ಗಾತ್ರದವರೆಲ್ಲರಿಗೂ ಇದೆ, ಯಾರೂ ಹೇಳಿಕೊಳ್ಳುವುದಿಲ್ಲ. ಶವಾಸನದಲ್ಲಿ ಬೆನ್ನಿನಿಂದ ತಲೆಯವರೆಗೆ ಎರಡು ದಿಂಬಿನ ಇಳಿಜಾರು, ಮೊಣಕಾಲ ಕೆಳಗೊಂದು ದಿಂಬು. ಅಂಗಾತ ಮಲಗಿದರೆ ಹೊಟ್ಟೆಯ ಭಾರ ವಪೆಯ ಮೇಲೆ ಕೂರುತ್ತದೆ, ದಪ್ಪಗಿರುವವರಿಗೆ ಶವಾಸನವೇ ಉಸಿರುಗಟ್ಟಿಸುವ ಆಸನ ಎಂಬುದು ತೆಳ್ಳಗಿನ ಶಿಕ್ಷಕರಿಗೆ ಹೊಳೆಯುವುದೇ ಇಲ್ಲ. ಸರ್ವಾಂಗಾಸನ, ಹಲಾಸನ, ಶೀರ್ಷಾಸನ ನನಗಿಲ್ಲ. ತೊಂಬತ್ತು ಕೆ.ಜಿ.ಯನ್ನು ಕುತ್ತಿಗೆಯ ಮೇಲೆ ನಿಲ್ಲಿಸುವ ಅಗತ್ಯ ಯಾರಿಗೂ ಇಲ್ಲ. ಶೀರ್ಷಾಸನದಲ್ಲಿ ಕಣ್ಣಿನೊಳಗಿನ ಒತ್ತಡ ಸುಮಾರು ದುಪ್ಪಟ್ಟಾಗುತ್ತದೆ, ಗ್ಲಾಕೋಮಾ ಇರುವವರು ಆ ಕಡೆ ತಲೆ ಹಾಕಲೇಬಾರದು.

ಈಗ ಕಹಿ ಮಾತು. ಯೋಗದಿಂದ ತೂಕ ಇಳಿಯುತ್ತದೆಯೇ? ಲೆಕ್ಕ ಹಾಕಿ ನೋಡೋಣ. ಸಾಧಾರಣ ಹಠಯೋಗಕ್ಕೆ ಮೈ ಖರ್ಚು ಮಾಡುವ ಶಕ್ತಿ ಸುಮ್ಮನೆ ಕೂತಿದ್ದಾಗಿನ ಖರ್ಚಿನ ಸುಮಾರು ಎರಡೂವರೆ ಪಟ್ಟು. 90 ಕೆ.ಜಿ. ತೂಕದವರು ಒಂದು ಗಂಟೆ ಮಾಡಿದರೆ ಸುಮಾರು 225 ಕ್ಯಾಲರಿ. ಅದರಲ್ಲಿ 90 ಸುಮ್ಮನೆ ಕೂತಿದ್ದರೂ ಹೋಗುತ್ತಿತ್ತು. ಉಳಿದದ್ದು 135. ತರಗತಿ ಮುಗಿಸಿ ಹೋಟೆಲಿಗೆ ಹೋಗಿ ಒಂದು ಬೆಣ್ಣೆ ಮಸಾಲೆ ತಿಂದರೆ ಲೆಕ್ಕ ಚುಕ್ತಾ ಆಗಿ ಮೇಲೆ ಸಾಲ ನಿಲ್ಲುತ್ತದೆ. ಅದೇ ಒಂದು ಗಂಟೆ ಬಿರುಸಾಗಿ ನಡೆದರೆ ಇದಕ್ಕಿಂತ ಹೆಚ್ಚು ಖರ್ಚಾಗುತ್ತದೆ. ಕಪಾಲಭಾತಿಯಿಂದ ಹೊಟ್ಟೆ ಕರಗುತ್ತದೆ ಎಂದು ಟೀವಿಯಲ್ಲಿ ಹೇಳುವವರನ್ನು ನಂಬಿ ದಿನಕ್ಕೆ ಸಾವಿರ ಸಲ ಬುಸುಗುಡುವವರು ನಮ್ಮ ಪಾರ್ಕಿನಲ್ಲೇ ಇದ್ದಾರೆ. ಹೊಟ್ಟೆಯನ್ನು ಅಲುಗಾಡಿಸಿದರೆ ಹೊಟ್ಟೆಯ ಕೊಬ್ಬೇ ಕರಗುವುದಿಲ್ಲ, ಮೈ ಹಾಗೆ ಕೆಲಸ ಮಾಡುವುದಿಲ್ಲ. ಪ್ರದೀಪಿಕೆಯಲ್ಲೂ ಕಪಾಲಭಾತಿಯನ್ನು ಹೇಳಿರುವುದು ಕಫದ ದೋಷಕ್ಕೆ. ಬಿ.ಪಿ. ಹತೋಟಿಯಲ್ಲಿಲ್ಲದವರಿಗೆ, ಹರ್ನಿಯಾ ಇರುವವರಿಗೆ ಅದು ಅಪಾಯ.

ಹಾಗಂತ ತೂಕಕ್ಕೂ ಆರೋಗ್ಯಕ್ಕೂ ಸಂಬಂಧವಿಲ್ಲ ಎಂದು ನಾನು ವಾದಿಸುತ್ತಿಲ್ಲ. ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಸುಮಾರು ಶೇ. 30ರಷ್ಟು ಹೆಂಗಸರು, ಹೆಚ್ಚುಕಡಿಮೆ ಅಷ್ಟೇ ಗಂಡಸರು ಅಧಿಕ ತೂಕದವರು. ನಮ್ಮ ಜನಕ್ಕೆ ಸಕ್ಕರೆ ಕಾಯಿಲೆ ಕಡಿಮೆ ತೂಕಕ್ಕೇ ಬರುತ್ತದೆ ಎಂದು ಇಲ್ಲಿನ ವೈದ್ಯರು ಬಿ.ಎಂ.ಐ. 23 ದಾಟಿದರೇ ಹೆಚ್ಚು ಅನ್ನುತ್ತಾರೆ. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮೊಣಕಾಲಿನ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಇದೆಲ್ಲ ನಿಜ. ಆದರೆ ಇದು ಡಾಕ್ಟರ ಹತ್ತಿರ, ಅಡುಗೆಮನೆಯ ಹತ್ತಿರ, ವಾಕಿಂಗಿನ ಹತ್ತಿರ ತೀರಬೇಕಾದ ವ್ಯವಹಾರ. ಯೋಗವನ್ನು ಅದರ ಗುತ್ತಿಗೆದಾರನನ್ನಾಗಿ ಮಾಡಿದರೆ ಎರಡಕ್ಕೂ ನಷ್ಟ. 'ತಿಂಗಳಲ್ಲಿ 8 ಕೆ.ಜಿ.' ಎಂಬ ಬೋರ್ಡು ನೋಡಿ ಸೇರಿದವರು ತಿಂಗಳ ಕೊನೆಗೆ ತಕ್ಕಡಿ ಹತ್ತುತ್ತಾರೆ, ಮುಳ್ಳು ಅಲ್ಲೇ ಇರುತ್ತದೆ, ಮರುದಿನದಿಂದ ಬರುವುದಿಲ್ಲ. ಆ ಒಂದು ತಿಂಗಳಲ್ಲಿ ಅವರ ನಿದ್ದೆ ಸುಧಾರಿಸಿರಬಹುದು, ಬಸ್ಸಿನ ಮೆಟ್ಟಿಲು ಹತ್ತುವಾಗ ಸರಳು ಹಿಡಿಯುವುದು ಬಿಟ್ಟುಹೋಗಿರಬಹುದು. ಅದನ್ನು ಅಳೆಯುವ ಮುಳ್ಳು ಬೋರ್ಡಿನಲ್ಲಿರಲಿಲ್ಲ.

ತೂಕದ ಆಸೆ ತೋರಿಸದಿದ್ದರೆ ದಪ್ಪಗಿರುವವರು ಬರುವುದಾದರೂ ಯಾಕೆ ಎಂದು ಗೆಳತಿಯೊಬ್ಬಳು ಕೇಳಿದಳು. ನ್ಯಾಯವಾದ ಪ್ರಶ್ನೆ. ನನ್ನ ಉತ್ತರ, ನೆಲ. ನಮ್ಮದು ನೆಲದ ಮೇಲೆ ಬದುಕಿದ ಸಂಸ್ಕೃತಿ. ಪಂಕ್ತಿಯಲ್ಲಿ ಕೂತು ಉಣ್ಣುವುದು, ಸತ್ಯನಾರಾಯಣ ಪೂಜೆಗೆ ಕೂರುವುದು, ಬತ್ತಿ ಹೊಸೆಯುವುದು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚಿ ನೀರೆರೆಯುವುದು. ನನ್ನ ವಯಸ್ಸಿನ, ನನ್ನ ಗಾತ್ರದ ಹೆಂಗಸರು ಹತ್ತು ವರ್ಷದಲ್ಲಿ ಒಂದೊಂದಾಗಿ ನೆಲವನ್ನು ಕಳೆದುಕೊಳ್ಳುತ್ತಾರೆ. ಮೊದಲು "ಟೇಬಲ್ ಊಟ ಇದೆಯಾ?" ಅಂತ ಕೇಳಲು ಶುರು. ಆಮೇಲೆ ದೇವರ ಮನೆಯಲ್ಲಿ ಸ್ಟೂಲು. ಒಂದು ದಿನ ಬಚ್ಚಲಲ್ಲಿ ಬಿದ್ದರೆ ಎಬ್ಬಿಸಲು ಇಬ್ಬರು ಬೇಕು. ಟೀಚರಮ್ಮ ವಾರಕ್ಕೆರಡು ದಿನ ಬೇರೇನೂ ಮಾಡಿಸುವುದಿಲ್ಲ, ನೆಲಕ್ಕೆ ಹೋಗುವುದು, ಏಳುವುದು ಅಷ್ಟೇ. ಪಕ್ಕಕ್ಕೆ ಹೊರಳಿ, ಕೈ ಊರಿ, ಮಂಡಿಗೆ ಬಂದು, ಕುರ್ಚಿ ಹಿಡಿದು, ಒಂದು ಪಾದ ಮುಂದಿಟ್ಟು, ಉಸಿರು ಬಿಡುತ್ತ. ಆರು ತಿಂಗಳಿಗೆ ಕುರ್ಚಿ ಬಿಟ್ಟೆ. ಈ ಕಸರತ್ತಿಗೆ ಸಂಸ್ಕೃತದ ಹೆಸರಿಲ್ಲ, ಯಾರೂ ಇದರ ಫೋಟೊ ತೆಗೆಯುವುದಿಲ್ಲ.

ಫೋಟೊ ಅಂದಾಗ ನೆನಪಾಯಿತು. 2015ರಿಂದ ಜೂನ್ 21 ಯೋಗದ ದಿನ. ಒಂದು ವರ್ಷ ನಮ್ಮ ಸಂಸ್ಥೆಯ ಮೈದಾನದಲ್ಲೂ ಬಿಳಿ ಟೀ ಶರ್ಟು ಹಂಚಿದರು. ನನ್ನ ಅಳತೆಯದ್ದು ಇರಲಿಲ್ಲ. ಚಾಪೆಗಳನ್ನು ಜೋಡಿಸುತ್ತಿದ್ದವರೊಬ್ಬರು ಬಂದು, "ಮೇಡಂ, ನೀವು ಹಿಂದಿನ ಸಾಲಿಗೆ ಬಂದ್ರೆ ಆರಾಮಾಗಿ ಮಾಡಬಹುದು" ಅಂದರು. ಆರಾಮು ಯಾರಿಗೆ ಎಂಬುದು ಮರುದಿನದ ಪತ್ರಿಕೆಯಲ್ಲಿ ಬಂದ ಚಿತ್ರ ನೋಡಿದಾಗ ತಿಳಿಯಿತು. ಮುಂದಿನ ಎರಡು ಸಾಲಿನಲ್ಲಿ ಒಬ್ಬರಿಗೂ ಹೊಟ್ಟೆಯಿರಲಿಲ್ಲ. ಅಷ್ಟು ದೊಡ್ಡ ಮೈದಾನದಲ್ಲಿ ಒಂದು ಕುರ್ಚಿಯೂ ಇರಲಿಲ್ಲ, ವೇದಿಕೆಯ ಮೇಲಿನ ಗಣ್ಯರಿಗೆ ಹಾಕಿದ್ದನ್ನು ಬಿಟ್ಟರೆ. ದಸರೆಯ ಕುಸ್ತಿ ಅಖಾಡದಲ್ಲಿ ನೂರು ಕೆ.ಜಿ.ಯ ಪೈಲ್ವಾನ ತೊಡೆ ತಟ್ಟಿದರೆ ಶಿಳ್ಳೆ ಹಾಕುವ ಊರು ಇದು. ಗರಡಿ ಮನೆಯ ದಂಡ, ಬಸ್ಕಿಗಳ ಪ್ರಭಾವ ಮೈಸೂರಿನ ಆಸನಗಳ ಮೇಲೂ ಇದೆ ಎಂದು ಶ್ರೀತತ್ತ್ವನಿಧಿಯನ್ನು ಅಭ್ಯಾಸ ಮಾಡಿದ ವಿದ್ವಾಂಸರು ಬರೆದಿದ್ದಾರೆ. ಗರಡಿಯ ಕಸರತ್ತನ್ನು ತೆಗೆದುಕೊಂಡೆವು, ಗರಡಿಯ ಮೈಯನ್ನು ಹಿಂದಿನ ಸಾಲಿಗೆ ಕಳಿಸಿದೆವು.

ಈ ನವೆಂಬರಿಗೆ ಟೀಚರಮ್ಮನ ಹತ್ತಿರ ಹೋಗಲು ಶುರುಮಾಡಿ ಮೂರು ವರ್ಷ. ಸಿಕ್ಕವರೆಲ್ಲ ಕೇಳುವುದು, "ಎಷ್ಟು ಇಳೀತು?" ಮೂರು ಕೆ.ಜಿ. ಇಳಿದಿದೆ, ಅದೂ ರಾತ್ರಿಯ ಅನ್ನ ಬಿಟ್ಟಿದ್ದರಿಂದ ಇರಬೇಕು. ಕೇಳಿದವರ ಮುಖ ಸಪ್ಪೆಯಾಗುತ್ತದೆ. ವಜ್ರಾಸನ ನನಗೆ ಈಗಲೂ ಎರಡು ನಿಮಿಷಕ್ಕಿಂತ ಹೆಚ್ಚು ಆಗುವುದಿಲ್ಲ, ಅದೂ ಮಂಡಿಯ ಹಿಂದೆ ಟವಲ್ಲಿನ ಸುರುಳಿ ಇಟ್ಟುಕೊಂಡು.

ಕಳೆದ ವಾರ ಬೆಂಗಳೂರಿನಲ್ಲಿರುವ ನಾದಿನಿ ಫೋನ್ ಮಾಡಿದ್ದಳು. ನನಗಿಂತಲೂ ದಪ್ಪ, ನನಗಿಂತಲೂ ಸಂಕೋಚದವಳು. ಯೋಗಕ್ಕೆ ಸೇರಬೇಕು, ಹೋಗಿ ನಿಲ್ಲಲು ಭಯ, ನೀವೇ ಯಾರನ್ನಾದರೂ ವಿಚಾರಿಸಿ ಅತ್ತಿಗೆ ಅಂದಳು. ಅವಳ ಮನೆಯ ಸುತ್ತಮುತ್ತಲಿನ ಮೂರು ಕಡೆ ನಂಬರು ಹುಡುಕಿ ಫೋನ್ ಮಾಡಿದೆ. ಫೀಸು ಎಷ್ಟು, ಯಾವ ಪಂಥ ಎಂದು ಕೇಳಲಿಲ್ಲ. ಕುರ್ಚಿ ಇದೆಯಾ ಅಂತ ಕೇಳಿದೆ. ಮೊದಲನೆಯವರು, "ಪೇರೆಂಟ್ಸ್ ಕಾಯೋಕೆ ಹೊರಗಡೆ ಸೋಫಾ ಇದೆ" ಅಂದರು. ಎರಡನೆಯವರು ನಕ್ಕು, "ಮೇಡಂ, ಇದು ಯೋಗ ಕ್ಲಾಸು" ಅಂದರು. ಮೂರನೆಯದು ವಯಸ್ಸಾದ ಗಂಡಸಿನ ದನಿ. ಒಂದು ಕ್ಷಣ ಸುಮ್ಮನಿದ್ದು, "ಕೈಯಿಲ್ಲದ್ದು ನಾಲ್ಕಿವೆ. ಕಿಟಕಿ ಪಕ್ಕದ್ದು ಸ್ವಲ್ಪ ಅಲ್ಲಾಡತ್ತೆ, ಗೋಡೆಗೆ ಒರಗಿಸಿದ್ದು ಗಟ್ಟಿ. ಆರೂಕಾಲಿಗೇ ಬಂದ್ರೆ ಅದು ಸಿಗತ್ತೆ" ಅಂದರು.